ಬಂದ ಸಹಿ, ಹೋದ ಸಹಿ

ನಮ್ಮಕ್ಕ ಮೂವತ್ತೊಂದು ವರ್ಷದಿಂದ ವಕೀಲೆ. ನಾನು ಅವಳ ಟೈಪಿಸ್ಟು, ಗುಮಾಸ್ತೆ, ಆಫೀಸಿನ ಕಸ ಗುಡಿಸುವವಳು, ಮತ್ತು ಬೇಡದ ಫೋನು ಬಂದಾಗ "ಮೇಡಂ ಕೋರ್ಟಲ್ಲಿದ್ದಾರೆ" ಎಂದು ಸುಳ್ಳು ಹೇಳುವವಳು. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗ ಅಕ್ಕ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ನನ್ನ ಆಫೀಸಿನಲ್ಲಿ ಕೂತು ಟೈಪು ಮಾಡು ಎಂದಳು. ಬಂದು ಕೂತೆ. ಇನ್ನೂ ಎದ್ದಿಲ್ಲ.

ಆಫೀಸು ಎಂದರೆ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ, ಜೆರಾಕ್ಸ್ ಅಂಗಡಿಗೂ ಕನ್ನಡಕ ರಿಪೇರಿ ಅಂಗಡಿಗೂ ನಡುವೆ, ಶಟರ್ ಇರುವ ಒಂದೇ ಕೋಣೆ. ಮಧ್ಯೆ ಪ್ಲೈವುಡ್ಡಿನ ಗೋಡೆ ನಿಲ್ಲಿಸಿ ಎರಡು ಮಾಡಿದ್ದೇವೆ. ಒಳಗೆ ಅಕ್ಕನ ಮೇಜು. ಹೊರಗೆ ನನ್ನ ಮೇಜು, ಮತ್ತು ಕಕ್ಷಿದಾರರು ಕೂರಲು ಉದ್ದನೆಯ ಒಂದು ಬೆಂಚು. ಈ ಬೆಂಚಿನ ಮಾತು ಮುಂದೆ ಬರುತ್ತದೆ.

ಕೋರ್ಟಿನಲ್ಲಿ ಅಕ್ಕನನ್ನು ಬೆನ್ನ ಹಿಂದೆ ಚೀಲದಮ್ಮ ಎನ್ನುತ್ತಾರೆ. ಅವಳ ಚೀಲದಲ್ಲಿ ಫೈಲು, ಕರಿ ಕೋಟು, ಊಟದ ಡಬ್ಬಿ, ಭಾವನ ಮಾತ್ರೆ, ಕೊಡೆ, ಒಂದು ಜೊತೆ ಹಳೆ ಚಪ್ಪಲಿ, ಎಲ್ಲವೂ ಇರುತ್ತದೆ. ಪೇಪರಿನಲ್ಲಿ ಬರುವಂಥ ಕೇಸು ಅವಳ ಬಳಿ ಒಂದೂ ಇಲ್ಲ. ಬಾಡಿಗೆ ಜಗಳ, ಅಣ್ಣತಮ್ಮಂದಿರ ಪಾಲು, ಗಂಡ ಬಿಟ್ಟವಳ ಜೀವನಾಂಶ, ಜನನ ಪತ್ರದಲ್ಲಿ ತಪ್ಪಾದ ಹೆಸರು, ಇಷ್ಟೇ. ಗೆದ್ದವರು ಮರೆತುಬಿಡುತ್ತಾರೆ, ಸೋತವರು ಬಸ್ ನಿಲ್ದಾಣದಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ. ಅಕ್ಕ ಇಬ್ಬರ ಮೇಲೂ ಸಿಟ್ಟಾಗುವುದಿಲ್ಲ. ಆ ಕೆಲಸವನ್ನು ನನಗೆ ಬಿಟ್ಟಿದ್ದಾಳೆ.

ಅವಳಿಗೆ ಒಂದು ಅಭ್ಯಾಸವಿತ್ತು. ತೀರ್ಪು ಬಂದ ದಿನವೇ ಫೈಲಿನ ರಟ್ಟಿನ ಮೇಲೆ, ಅಪೀಲು ಹಾಕಲು ಕೊನೆಯ ದಿನ ಯಾವುದು ಎಂದು ಲೆಕ್ಕ ಹಾಕಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಳು. ಅಪೀಲಿಗೆ ತೊಂಬತ್ತು ದಿನ. ಕಾಲೇಜಿನಲ್ಲಿ ಕಲಿತಿದ್ದು ಅದೇ, ಮೂವತ್ತು ವರ್ಷ ನಡೆದಿದ್ದೂ ಅದೇ. ಕೆಂಪು ತಾರೀಖು ಮೀರಿ ಅವಳ ಒಂದು ಕಾಗದವೂ ಕೋರ್ಟಿಗೆ ಹೋಗಿರಲಿಲ್ಲ. ಆ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಪಾಪ, ಅದೊಂದೇ ಜಂಬ.

ಇನ್ನು ಕ್ಲಾಸಿನ ವಿಷಯ. ವಕೀಲರು ಓದು ಮುಗಿಸಿ ಸನದು, ಅಂದರೆ ವಕೀಲಿಯ ಪರವಾನಗಿ, ತೆಗೆದುಕೊಂಡರೆ ಆಯಿತು ಎಂದು ನೀವು ತಿಳಿದಿರಬಹುದು. ಹಾಗಲ್ಲ. ಕಾನೂನು ಬದಲಾಗುತ್ತಲೇ ಇರುತ್ತದಂತೆ, ಆದ್ದರಿಂದ ವಕೀಲರೂ ಕಲಿಯುತ್ತಲೇ ಇರಬೇಕಂತೆ. ವರ್ಷಕ್ಕೆ ಹನ್ನೆರಡು ಗಂಟೆ ಕ್ಲಾಸಿನಲ್ಲಿ ಕೂರದಿದ್ದರೆ ಸನದು ನವೀಕರಣವಾಗುವುದಿಲ್ಲ. ವಕೀಲರ ಸಂಘದವರು ಕ್ಯಾಂಟೀನಿನ ಮೇಲಿನ ಹಾಲಿನಲ್ಲಿ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಕ್ಲಾಸು ಇಡುತ್ತಾರೆ. ಕಳ್ಳರ ಪರ ವಾದಿಸುವವರು, ತೆರಿಗೆ ನೋಡುವವರು, ಕಂಪನಿಯವರು, ನಮ್ಮಕ್ಕನಂಥ ಬಾಡಿಗೆ ಜಗಳದವರು, ಎಲ್ಲರನ್ನೂ ಒಂದೇ ಹಾಲಿಗೆ ತುಂಬುತ್ತಾರೆ. ವಿಚ್ಛೇದನದ ವಕೀಲರಿಗೆ ಪೇಟೆಂಟು, ಪೇಟೆಂಟಿನವರಿಗೆ ಮಕ್ಕಳ ಪಾಲನೆ, ಸಮುದ್ರವನ್ನೇ ಕಾಣದವರಿಗೆ ಹಡಗು ವಿಮೆ. ಕೆಳಗೆ ಕ್ಯಾಂಟೀನಿನ ಹೊಗೆ, ಮೇಲೆ ಗರಗರ ಎನ್ನುವ ಫ್ಯಾನು, ಮುಂದೆ ಪರದೆ ನೋಡಿಕೊಂಡು ಪರದೆಯಲ್ಲಿದ್ದುದನ್ನೇ ಓದುವ ಒಬ್ಬ ಉಪನ್ಯಾಸಕರು. ಬೆಳಗಿನಿಂದ ಕೋರ್ಟಿನಲ್ಲಿ ನಿಂತು ಬಂದವರು ಅಲ್ಲಿ ಎಚ್ಚರವಾಗಿದ್ದರೆ ಅದು ಅವರ ತಪ್ಪು.

ಹಾಗಾಗಿ ಎಲ್ಲರೂ ಸೇರಿ ಒಂದು ದಾರಿ ಕಂಡುಕೊಂಡಿದ್ದರು. ಹಾಜರಿ ಪುಸ್ತಕದಲ್ಲಿ ಸಹಿಗೆ ಎರಡು ಕಾಲಂ. ಒಂದು ಬಂದ ಸಹಿ, ಇನ್ನೊಂದು ಹೋದ ಸಹಿ. ಎರಡು ಗಂಟೆಗೆ ಬಂದು, ಎರಡೂ ಸಹಿ ಒಟ್ಟಿಗೆ ಹಾಕಿ, ಹೋದ ಸಮಯ ಐದು ಎಂದು ಬರೆದು, ಹಿಂದಿನ ಮೆಟ್ಟಿಲಿನಿಂದ ಇಳಿದುಬಿಡುವುದು. ಪುಸ್ತಕ ಹಿಡಿದು ಕೂರುವ ಸಂಘದ ಗುಮಾಸ್ತರು ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಕಡೆ ನೋಡುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಯಾರೂ ತಪ್ಪು ಎಂದೂ ಅಂದುಕೊಂಡಿದ್ದಲ್ಲ. ವೃತ್ತಿ ನೀತಿಯ ಕ್ಲಾಸಿನ ದಿನ ಪುಸ್ತಕದಲ್ಲಿ ನೂರಾ ನಲವತ್ತು ಸಹಿ, ಹಾಲಿನಲ್ಲಿ ಒಂಬತ್ತು ಜನ.

ಅಕ್ಕ ಆ ಒಂಬತ್ತರಲ್ಲಿ ಒಬ್ಬಳಾಗಿರುತ್ತಿದ್ದಳು. ಕೂತು ಕೇಳುತ್ತಿದ್ದಳು, ಚೀಟಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಬೇರೆಯವರ ಹಾಗೆ ನೀನೂ ಇಳಿದು ಬರಬಾರದೇ ಎಂದು ನಾನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಭಾವ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೊದಲೇ ಆಳು ದಪ್ಪ. ಮೂರು ತಿಂಗಳು ಅವರನ್ನು ಎಬ್ಬಿಸಿ ಕೂರಿಸಿ ಮಲಗಿಸಿ, ಹಗಲು ಕೋರ್ಟು ಸುತ್ತಿ, ಅಕ್ಕ ಅರ್ಧ ಆಗಿಹೋದಳು. ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ಒಂದು ಶನಿವಾರ ಬೆಳಗಿನ ಕೇಸು ಮುಗಿಸಿ ಬಂದು ಕುರ್ಚಿಗೆ ಆತು ಕೂತವಳು, ಎರಡು ಗಂಟೆಗೆ ಕ್ಲಾಸಿದೆ ಎಂದಳು. ಅವಳ ದನಿ ಕೇಳಿ ನನಗೆ ಅಳು ಬಂತು, ಅದಕ್ಕೇ ರೇಗಿದೆ.

"ಸಹಿ ಹಾಕಿ ಬಂದ್ಬಿಡು ಅಕ್ಕ. ನಾನು ಬೆಂಚು ಒರೆಸಿಟ್ಟಿರ್ತೀನಿ."

ಎರಡೂ ಕಾಲಿಗೆ ಬಂದಳು. ಕಕ್ಷಿದಾರರ ಬೆಂಚಿನ ಮೇಲೆ ಚೀಲ ತಲೆದಿಂಬು ಮಾಡಿಕೊಂಡು ಮಲಗಿದಳು. ನಾನು ಶಟರ್ ಅರ್ಧ ಎಳೆದು, ಫ್ಯಾನು ಹಾಕಿ, ಟೈಪು ಮಾಡುವುದನ್ನೂ ನಿಲ್ಲಿಸಿ ಕಾವಲು ಕೂತೆ. ಕನ್ನಡಕದ ಅಂಗಡಿಯವರು ಬಗ್ಗಿ ನೋಡಿದಾಗ ಮೇಡಂ ಕ್ಲಾಸಿಗೆ ಹೋಗಿದ್ದಾರೆ ಎಂದೆ. ಅವರ ಕಣ್ಣೆದುರೇ ಮೇಡಂ ಗೊರಕೆ ಹೊಡೆಯುತ್ತಿದ್ದಳು. ಐದು ಗಂಟೆ ದಾಟಿದ ಮೇಲೆ ಎದ್ದು, ಕೂದಲು ಸರಿಮಾಡಿಕೊಂಡು, ಕ್ಲಾಸು ಮುಗಿಯಿತಾ ಎಂದು ಕೇಳಿದಳು. ಮುಗಿಯಿತು, ತುಂಬ ಚೆನ್ನಾಗಿತ್ತು ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೂವತ್ತೊಂದು ವರ್ಷದಲ್ಲಿ ಅವಳು ತಪ್ಪಿಸಿದ ಕ್ಲಾಸು ಅದೊಂದೇ. ಅವತ್ತಿನ ವಿಷಯ ಏನಿತ್ತು ಎಂದು ಅವಳೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಅದಾಗಿ ಐದು ತಿಂಗಳಿಗೆ ಬೀಗದವರ ತೀರ್ಪು ಬಂತು. ಬೀಗದವರೆಂದರೆ ಮಾರುಕಟ್ಟೆಯ ಹಳೆ ಕಟ್ಟಡದ ಮೆಟ್ಟಿಲ ಕೆಳಗೆ ಬೀಗ ರಿಪೇರಿ ಮಾಡುವ ವಯಸ್ಸಾದ ಮನುಷ್ಯ. ಅಂಗಡಿಯೊಳಗೆ ಒಬ್ಬರು ಕೂರಬಹುದು, ಇನ್ನೊಬ್ಬರು ಬಂದರೆ ಮೊದಲಿನವರು ಎದ್ದು ಹೊರಗೆ ಬರಬೇಕು. ಗೋಡೆ ತುಂಬ ಕೀಲಿಕೈ. ಮೂವತ್ತನಾಲ್ಕು ವರ್ಷದಿಂದ ಅಲ್ಲೇ ಅರ ಉಜ್ಜುತ್ತಾ ಕೂತಿದ್ದಾರೆ. ಮಾತು ಕಡಿಮೆ, ಕಿವಿಯೂ ಸ್ವಲ್ಪ ಮಂದ. ಕಟ್ಟಡದ ಯಜಮಾನರು ತಮ್ಮ ಸ್ವಂತ ಉಪಯೋಗಕ್ಕೆ ಜಾಗ ಬೇಕೆಂದು ಖಾಲಿ ಮಾಡಿಸುವ ದಾವೆ ಹಾಕಿದ್ದರು. ಮೆಟ್ಟಿಲ ಕೆಳಗಿನ ಆ ಬಿಲದಲ್ಲಿ ಯಜಮಾನರು ಏನು ಉಪಯೋಗ ಮಾಡುತ್ತಾರೋ ದೇವರೇ ಬಲ್ಲ. ಕೆಳಗಿನ ಕೋರ್ಟಿನಲ್ಲಿ ನಾವು ಸೋತೆವು.

ಬೀಗದವರು ಮೂರನೇ ದಿನಕ್ಕೇ ಬಂದು ಅಪೀಲಿನ ವಕಾಲತ್ತಿಗೆ ಸಹಿ ಹಾಕಿದರು. ಬೇರೆ ಕಡೆ ಅಂಗಡಿ ಹುಡುಕಬೇಕಾ ಎಂದು ಕೇಳಿದರು. ಬೇಡ, ಅಪೀಲಿನಲ್ಲಿ ನಿಲ್ಲುವ ಕೇಸು ಇದು ಎಂದಳು ಅಕ್ಕ. ರಟ್ಟಿನ ಮೇಲೆ ಕೆಂಪು ತಾರೀಖು ಬರೆದಳು. ತೀರ್ಪಿನ ನಕಲು ತೆಗೆಸಿ, ಹಳೆ ರಸೀತಿಗಳನ್ನೆಲ್ಲ ಜೋಡಿಸಿ, ಒಳ್ಳೆಯ ಅಪೀಲು ಬರೆದಳು. ಟೈಪು ಮಾಡುವಾಗಲೇ ನನಗೆ ಗೊತ್ತಾಗುತ್ತದೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು. ಎಪ್ಪತ್ತೊಂದನೇ ದಿನ, ಅಂದರೆ ಕೆಂಪು ತಾರೀಖಿಗೆ ಹತ್ತೊಂಬತ್ತು ದಿನ ಮುಂಚೆ, ನಾನೇ ಕೌಂಟರಿಗೆ ತೆಗೆದುಕೊಂಡು ಹೋದೆ.

ಕೌಂಟರಿನವರು ತಾರೀಖು ನೋಡಿ ಕಾಗದವನ್ನು ನನ್ನ ಕಡೆಗೇ ತಳ್ಳಿದರು. ಅವಧಿ ಅರವತ್ತು ದಿನ, ಹನ್ನೊಂದು ದಿನ ತಡ ಎಂದರು. ನಾನು ಅವರಿಗೇ ಕಾನೂನು ಹೇಳಲು ಹೋದೆ. ಅವರು ಒಂದು ಸುತ್ತೋಲೆ ತೆಗೆದು ತೋರಿಸಿದರು. ತೊಂಬತ್ತು ಹೋಗಿ ಅರವತ್ತಾಗಿ ಎಂಟು ತಿಂಗಳಾಗಿತ್ತು. ಸಂಘದ ಬೋರ್ಡಿನ ಮೇಲೂ ಆ ಸುತ್ತೋಲೆ ಅಂಟಿಸಿದ್ದರಂತೆ. ಆಮೇಲೆ ಹೋಗಿ ನೋಡಿದರೆ ಅದರ ಮೇಲೆ ಯಾರೋ ಹಳೆ ಕಾರು ಮಾರಾಟಕ್ಕಿದೆ ಎಂಬ ಚೀಟಿ ಅಂಟಿಸಿದ್ದರು.

ನಾನು ಬಂದು ಹೇಳಿದಾಗ ಅಕ್ಕ ನಂಬಲಿಲ್ಲ. ತಾನೇ ಕೌಂಟರಿಗೆ ಹೋದಳು, ಅಲ್ಲಿಂದ ಸಂಘದ ಆಫೀಸಿಗೆ ಹೋದಳು. ಬಂದವಳು ಒಳಗೆ ತನ್ನ ಮೇಜಿಗೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತು, ಅಪೀಲಿನ ಅವಧಿ ಬದಲಾದದ್ದನ್ನು ಕ್ಲಾಸಿನಲ್ಲಿ ಹೇಳಿದ್ದರು ಎಂದಳು. ಯಾವ ಕ್ಲಾಸು ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ಕೈ ಬೆಂಚಿನ ಹಲಗೆ ಸವರುತ್ತಿತ್ತು.

ತಡವಾದ ಅಪೀಲನ್ನು ತೆಗೆದುಕೊಳ್ಳಿ ಎಂದು ಕೇಳಲು ಒಂದು ಅರ್ಜಿ ಇದೆ. ತಡವಾದ ಕಾರಣ ಬರೆದು ಪ್ರಮಾಣ ಮಾಡಬೇಕು. ಕಾರಣ ಒಪ್ಪಿಗೆಯಾದರೆ ಅಪೀಲು ಉಳಿಯುತ್ತದೆ, ಇಲ್ಲದಿದ್ದರೆ ಬೀಗದವರು ತಿಂಗಳೊಳಗೆ ಅಂಗಡಿ ಬಿಡಬೇಕು. ಇಂಥ ಅರ್ಜಿ ನಾನು ನೂರಾರು ಟೈಪು ಮಾಡಿದ್ದೇನೆ. ನೂರಕ್ಕೆ ತೊಂಬತ್ತರಲ್ಲಿ ಕಕ್ಷಿದಾರರಿಗೆ ಕಾಮಾಲೆ. ನಮ್ಮ ಕೋರ್ಟಿನ ದಾಖಲೆ ನಂಬಿದರೆ ಈ ಊರಿನಲ್ಲಿ ಕಣ್ಣು ಹಳದಿಯಾಗದವರು ಒಬ್ಬರೂ ಉಳಿದಿಲ್ಲ. ಅಕ್ಕ ಕಾಮಾಲೆ ಬರೆಸಲಿಲ್ಲ. ಅವಧಿ ಬದಲಾದದ್ದು ವಕೀಲರ ಗಮನಕ್ಕೆ ಬಂದಿರಲಿಲ್ಲ ಎಂದು ಎರಡೇ ಸಾಲು ಬರೆಸಿದಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಎದುರುಗಡೆ ಇದ್ದದ್ದು ಇಸ್ತ್ರಿ ವಕೀಲರು. ಅವರ ಕೋಟಿನಲ್ಲಿ ಒಂದು ಸುಕ್ಕು ಕಂಡವರಿಲ್ಲ, ಅದಕ್ಕೆ ಆ ಹೆಸರು. ಅವರು ಸಂಘದಿಂದ ಹಾಜರಿ ಪುಸ್ತಕದ ಆ ಪುಟದ ನಕಲು ತಂದು ಕೋರ್ಟಿನ ಮುಂದೆ ಇಟ್ಟರು. ಅಪೀಲಿನ ಹೊಸ ಅವಧಿಯ ಬಗ್ಗೆ ಮೂರು ಗಂಟೆಯ ಕ್ಲಾಸು. ಬಂದ ಸಹಿ ಎರಡಕ್ಕೆ, ಹೋದ ಸಹಿ ಐದಕ್ಕೆ, ಎರಡೂ ಅಕ್ಕನದೇ. ಮೂರು ಗಂಟೆ ಕೂತು ಕೇಳಿದವರು ಗೊತ್ತಿರಲಿಲ್ಲ ಎನ್ನುವುದು ಹೇಗೆ, ತಡ ಮಾಡಿದ್ದು ಬೀಗದವರೇ ಎಂದು ವಾದಿಸಿದರು. ನ್ಯಾಯಾಧೀಶರು ಪುಟವನ್ನು ಎರಡು ಸಲ ನೋಡಿ, ನೀವು ಕ್ಲಾಸಿನಲ್ಲಿ ಇದ್ದಿರಾ ಇಲ್ಲವಾ ಎಂಬುದನ್ನು ಸ್ಪಷ್ಟವಾಗಿ ಬರೆದು ಮುಂದಿನ ವಾರ ಪ್ರಮಾಣಪತ್ರ ಹಾಕಿ ಎಂದರು.

ಅಲ್ಲಿಗೆ ಸಿಕ್ಕಿಬಿದ್ದೆವು. ಇದ್ದೆ ಎಂದರೆ ಗೊತ್ತಿತ್ತು ಎಂದಾಗುತ್ತದೆ, ಬೀಗದವರ ಅಂಗಡಿ ಹೋಗುತ್ತದೆ. ಇರಲಿಲ್ಲ ಎಂದರೆ ಸುಳ್ಳು ಹಾಜರಿ ಹಾಕಿದೆ ಎಂದು ತನ್ನ ಬಾಯಲ್ಲೇ ಒಪ್ಪಿಕೊಂಡ ಹಾಗೆ. ಸುಳ್ಳು ಹಾಜರಿಗೆ ಒಂದು ವರ್ಷ ಸನದು ಅಮಾನತು ಎಂದು ಸಂಘದ ನಿಯಮದಲ್ಲೇ ಇದೆ. ಅಕ್ಕನಿಗೆ ಐವತ್ತೆಂಟು. ಒಂದು ವರ್ಷ ಕೋರ್ಟಿಗೆ ಹೋಗದ ವಕೀಲರನ್ನು ಹುಡುಕಿಕೊಂಡು ಯಾರು ಬರುತ್ತಾರೆ?

ಬೀಗದವರನ್ನು ಕರೆಸಿ ವಿಷಯ ಹೇಳಿದಳು. ಅವರು ಅರ್ಧ ಕೇಳಿಸಿಕೊಂಡು, ಇನ್ನರ್ಧ ಅಂದಾಜು ಮಾಡಿಕೊಂಡು, ನನಗೆ ಹುಷಾರಿರಲಿಲ್ಲ ಎಂದು ಬೇಕಾದರೆ ಬರೆದುಕೊಳ್ಳಿ ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ನಮ್ಮ ಡಾಕ್ಟರೊಬ್ಬರು ಇದ್ದಾರೆ, ಕಾಮಾಲೆಯ ಸರ್ಟಿಫಿಕೇಟು ಅವರ ಡ್ರಾಯರಿನಲ್ಲಿ ಸದಾ ಸಿದ್ಧ. ಅಕ್ಕ ಬೀಗದವರಿಗೆ ನೀರು ಕೊಟ್ಟು ಕಳಿಸಿದಳು. ಆಮೇಲೆ ಹೊರಗೆ ಬಂದು ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ಬರ್ಕೋ," ಎಂದಳು.

"ಡಾಕ್ಟರ ಹೆಸರು ಮೊದಲು ಹಾಕ್ಲಾ?"

"ಡಾಕ್ಟರು ಬೇಡ. ಮೂರನೇ ದಿನಕ್ಕೆ ಬಂದು ಸಹಿ ಹಾಕಿದ ಮನುಷ್ಯನ ಮೇಲೆ ತಡದ ತಪ್ಪು ಹೊರಿಸಲಾ?"

ಹಾಗಾದರೆ ಭಾವನ ಸೊಂಟ ಇದೆಯಲ್ಲ ಎಂದೆ. ಅವತ್ತು ಭಾವನಿಗೆ ನೋವು ಜಾಸ್ತಿಯಾಯಿತು, ಕ್ಲಾಸು ಬಿಟ್ಟು ಮನೆಗೆ ಓಡಿದೆ ಎಂದು ಬರೆದರೆ ಸಂಘದವರಿಗೂ ಕರುಣೆ ಬರುತ್ತದೆ, ಶಿಕ್ಷೆ ಕಡಿಮೆಯಾಗಬಹುದು. ಸೊಂಟ ಮುರಿದದ್ದಂತೂ ಸುಳ್ಳಲ್ಲ.

"ಅವತ್ತು ಅವರು ಚೆನ್ನಾಗಿದ್ರು ಕಣೇ. ಮಧ್ಯಾಹ್ನ ಫೋನ್ ಮಾಡಿ, ಚಾರ್ಜರ್ ಎಲ್ಲಿಟ್ಟಿದ್ದೀಯ ಅಂತ ಜಗಳ ಬೇರೆ ಆಡಿದ್ರು." ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡಳು. "ನನಗೆ ನಿದ್ದೆ ಬಂದಿತ್ತು. ಸಹಿ ಹಾಕಿ ಬಂದು ಮಲಗಿದೆ. ಅಷ್ಟು ಬರಿ ಸಾಕು."

ನಾನು ಕೀಲಿಮಣೆಯಿಂದ ಕೈ ತೆಗೆದೆ. ನಿನಗೆ ತಲೆ ಕೆಟ್ಟಿದೆ ಎಂದೆ. ಇಸ್ತ್ರಿ ವಕೀಲರ ಸಹಿಯೂ ಅದೇ ಪುಟದಲ್ಲಿ, ನಿನ್ನ ಸಹಿಯ ಎರಡು ಸಾಲು ಕೆಳಗೆ ಇದೆ, ಅವರೂ ನಿನ್ನ ಹಿಂದೆಯೇ ಮೆಟ್ಟಿಲಿಳಿದರು ಎಂದು ನೀನೇ ಹೇಳಿದ್ದೆ, ಅದನ್ನಾದರೂ ಬರೆಸು ಎಂದೆ. ಪ್ರಮಾಣ ಮಾಡುವುದು ನನ್ನ ಸಹಿಯ ಬಗ್ಗೆ, ಅವರದನ್ನು ಅವರು ನೋಡಿಕೊಳ್ಳಲಿ ಎಂದಳು. ಅಂಥ ಹೊತ್ತಿನಲ್ಲಿ ನ್ಯಾಯ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಬಾ ಅಂತ ಕರೆದೋಳು ನಾನು. ಬೆಂಚು ಒರೆಸಿಟ್ಟೋಳು ನಾನು. ಅದನ್ನೂ ಬರೀಲಾ?"

"ನಿನಗೆ ಸನದು ಇಲ್ಲ. ಸಹಿ ಹಾಕಿದ್ದು ನಾನು," ಎಂದಳು ಅಕ್ಕ. "ಟೈಪ್ ಮಾಡು. ನನಗೆ ಸುಸ್ತಾಗಿದೆ."

ಟೈಪು ಮಾಡಿದೆ. ಕಣ್ಣು ಮಂಜಾಗಿ ಎರಡು ಕಡೆ ತಪ್ಪಾಯಿತು, ಅಕ್ಕ ಪೆನ್ನಿನಲ್ಲಿ ತಿದ್ದಿದಳು. ಇಡೀ ಪ್ರಮಾಣಪತ್ರ ಒಂದು ಪುಟ ತುಂಬಲಿಲ್ಲ. ಬಂದ ಸಹಿ ಮತ್ತು ಹೋದ ಸಹಿ ಎರಡನ್ನೂ ಮಧ್ಯಾಹ್ನ ಎರಡು ಗಂಟೆಗೇ ಹಾಕಿದೆ. ಕ್ಲಾಸಿನಲ್ಲಿ ಕೂರಲಿಲ್ಲ. ಆಯಾಸವಾಗಿತ್ತು, ನನ್ನ ಆಫೀಸಿನಲ್ಲಿ ಮಲಗಿ ನಿದ್ದೆ ಮಾಡಿದೆ. ಆದ್ದರಿಂದ ಅವಧಿ ಬದಲಾದದ್ದು ನನಗೆ ತಿಳಿಯಲಿಲ್ಲ. ಕಕ್ಷಿದಾರರು ತೀರ್ಪಿನ ಮೂರನೇ ದಿನವೇ ಬಂದಿದ್ದರು, ತಡಕ್ಕೆ ಅವರು ಕಾರಣರಲ್ಲ. ಇಷ್ಟೇ.

ಕೋರ್ಟಿನ ದಿನ ನಾನು ಹಿಂದಿನ ಸಾಲಿನಲ್ಲಿ ಬೀಗದವರ ಪಕ್ಕ ಕೂತಿದ್ದೆ. ಹಾಲು ತುಂಬಿತ್ತು. ಸುದ್ದಿ ಹೇಗೋ ಹರಡಿತ್ತು, ಕೇಸಿಲ್ಲದ ವಕೀಲರೂ ಬಂದು ಗೋಡೆಗೆ ಆತು ನಿಂತಿದ್ದರು. ನ್ಯಾಯಾಧೀಶರು ಪ್ರಮಾಣಪತ್ರ ಓದಿ ಕನ್ನಡಕ ತೆಗೆದರು. ಅವರೂ ಒಂದು ಕಾಲದಲ್ಲಿ ಇದೇ ಸಂಘದಲ್ಲಿ ವಕೀಲರಾಗಿದ್ದವರು, ಹಿಂದಿನ ಮೆಟ್ಟಿಲು ಅವರಿಗೆ ಗೊತ್ತಿಲ್ಲದ್ದೇನಲ್ಲ.

"ನಿದ್ದೆ ಮಾಡಿದ್ರಾ?" ಎಂದು ಕೇಳಿದರು.

"ಹೌದು ಸ್ವಾಮಿ, ನಿದ್ದೆ ಮಾಡಿದೆ."

ಯಾರೂ ನಗಲಿಲ್ಲ. ಇಸ್ತ್ರಿ ವಕೀಲರು ವಾದಕ್ಕೆ ಎದ್ದವರು, ತಮ್ಮ ಕೈಯಲ್ಲೇ ಇದ್ದ ಆ ಪುಟದ ನಕಲನ್ನು ನೋಡಿದರು. ತಾವೇ ತಂದ ಪುಟ. ಇನ್ನೊಂದು ಪ್ರಶ್ನೆ ಕೇಳಿದರೆ ಮಾತು ಎರಡು ಸಾಲು ಕೆಳಗೆ ಇಳಿಯುತ್ತದೆ ಎಂದು ಅವರಿಗೆ ಆಗ ಹೊಳೆದಿರಬೇಕು. ಹೆಚ್ಚೇನೂ ಹೇಳುವುದಿಲ್ಲ ಎಂದು ಕೂತುಬಿಟ್ಟರು. ಅವರ ಕೋಟಿನ ಬೆನ್ನಿನಲ್ಲಿ ಅವತ್ತು ಒಂದು ಸುಕ್ಕು ಕಂಡೆ. ಇದು ನನ್ನ ಹೊಟ್ಟೆಯುರಿಗೆ ಕಂಡದ್ದೂ ಇರಬಹುದು.

ನ್ಯಾಯಾಧೀಶರು ತಪ್ಪು ವಕೀಲರದು, ಅದರ ಶಿಕ್ಷೆ ಕಕ್ಷಿದಾರರಿಗೆ ಆಗಬಾರದು ಎಂದು ಹೇಳಿ ಅಪೀಲನ್ನು ತೆಗೆದುಕೊಂಡರು. ಅದು ತೀರ್ಮಾನವಾಗುವ ತನಕ ಅಂಗಡಿ ಖಾಲಿ ಮಾಡಿಸಬಾರದು ಎಂದರು. ಅದೇ ಉಸಿರಿನಲ್ಲಿ, ಈ ಪ್ರಮಾಣಪತ್ರದ ಒಂದು ಪ್ರತಿ ವಕೀಲರ ಸಂಘಕ್ಕೆ ಹೋಗಲಿ ಎಂದರು. ಬೀಗದವರು ನನ್ನ ತೋಳು ತಟ್ಟಿ ಏನಾಯಿತು ಎಂದು ಕೇಳಿದರು. ಅಂಗಡಿ ಉಳಿಯಿತು ಎಂದು ಅವರ ಕಿವಿಯಲ್ಲಿ ಹೇಳಿದೆ. ಉಳಿದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಸಂಘದವರು ತಡ ಮಾಡಲಿಲ್ಲ. ಒಂದು ವರ್ಷ ಸನದು ಅಮಾನತು. ಅಷ್ಟರೊಳಗೆ ಇಪ್ಪತ್ತನಾಲ್ಕು ಗಂಟೆ, ಅಂದರೆ ಎರಡು ವರ್ಷದ ಕ್ಲಾಸು ಕೂತು ಮುಗಿಸಬೇಕು. ಆಮೇಲೆ ಸನದು ವಾಪಸು. ಆದರೆ ಅಕ್ಕನನ್ನು ನಿಜವಾಗಿ ಸುಸ್ತು ಮಾಡಿದ್ದು ಅದಲ್ಲ. ಅವಳ ಒಂದು ಪುಟದಿಂದ ಎಲ್ಲರ ಗುಟ್ಟೂ ಬಯಲಾಗಿತ್ತು. ಸಂಘದವರು ಪುಸ್ತಕ ತೆಗೆದು ಹೆಬ್ಬೆಟ್ಟಿನ ಯಂತ್ರ ತಂದರು. ಬಂದಾಗ ಒಂದು ಸಲ, ಹೋಗುವಾಗ ಒಂದು ಸಲ ಒತ್ತಬೇಕು. ಇನ್ನೂರು ವಕೀಲರು ಶನಿವಾರದ ನಿದ್ದೆ ಕಳೆದುಕೊಂಡರು. ಅಕ್ಕ ಕ್ಯಾಂಟೀನಿಗೆ ಹೋದರೆ ಅವಳು ಕೂತ ಬೆಂಚಿನಲ್ಲಿದ್ದವರಿಗೆ ತಟ್ಟನೆ ಏನೋ ಕೆಲಸ ನೆನಪಾಗುತ್ತಿತ್ತು. ಮೂವತ್ತು ವರ್ಷ ಜೊತೆಗೆ ಊಟ ಮಾಡಿದ ಗೆಳತಿಯೊಬ್ಬಳು ಮಾತ್ರ ಮುಖಕ್ಕೇ ಹೇಳಿದಳು, ಕಾಮಾಲೆ ಅಂತ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು. ಅಕ್ಕ ಡಬ್ಬಿ ಹಿಡಿದು ಆಫೀಸಿಗೆ ಬಂದು ನನ್ನ ಮೇಜಿನ ಮೇಲೆ ಊಟ ಮಾಡಿದಳು. ಅವತ್ತಿನಿಂದ ಅಲ್ಲೇ.

ಹೊರಗಿನ ಬೋರ್ಡನ್ನು ನಾವೇ ಇಳಿಸಬೇಕಾಯಿತು. ಇದ್ದ ಕೇಸುಗಳನ್ನು ಬೇರೆಯವರಿಗೆ ಒಪ್ಪಿಸಿದೆವು. ಬೀಗದವರು ಮಾತ್ರ ಫೈಲು ತೆಗೆದುಕೊಂಡು ಹೋಗಲು ಒಪ್ಪಲಿಲ್ಲ. ನಮ್ಮ ವಕೀಲರು ಬರುವ ತನಕ ಕಾಯುತ್ತೇನೆ ಎಂದು ಕೋರ್ಟಿನಲ್ಲಿ ತಾವೇ ಎದ್ದು ನಿಂತು ಹೇಳಿದರು. ಖಾಲಿ ಮಾಡಬೇಕಾದವರಿಗೆ ಕಾಯುವುದರಲ್ಲಿ ನಷ್ಟವೇನಿಲ್ಲ, ನಿಜ. ಆದರೂ ಹೇಳಿದರಲ್ಲ. ತಿಂಗಳಿಗೊಮ್ಮೆ ಬಂದು ನಮ್ಮ ಶಟರಿನ ಬೀಗಕ್ಕೆ ಎಣ್ಣೆ ಬಿಟ್ಟು, ಎರಡು ಸಲ ತೆಗೆದು ಹಾಕಿ ನೋಡಿ, ಏನೂ ಮಾತಾಡದೆ ಹೋಗುತ್ತಿದ್ದರು. ಆ ಬೀಗ ಮೊದಲಿಂದಲೂ ಚೆನ್ನಾಗಿಯೇ ಇತ್ತು.

ನಾನು ಊರಿನ ಉಳಿದ ವಕೀಲರಿಗೆ ಟೈಪು ಮಾಡಿಕೊಟ್ಟು ಆಫೀಸು ನಡೆಸಿದೆ. ಅಕ್ಕ ಸಂಘದವರು ಕ್ಲಾಸು ಇಟ್ಟ ಶನಿವಾರಗಳಲ್ಲಿ ಹೋದಳು. ಯಾರೂ ಪಕ್ಕ ಕೂರುವುದಿಲ್ಲ ಎಂದು ಗೊತ್ತಾದ ಮೇಲೆ ನಾನೂ ಜೊತೆಗೆ ಹೋಗತೊಡಗಿದೆ. ಹಿಂದಿನ ಸಾಲಿನಲ್ಲಿ ಕೂತು, ಬರುವಾಗ ಬರಿಗೈಯೇಕೆ ಎಂದು ಉಪನ್ಯಾಸಕರು ಹೇಳಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಪೇಟೆಂಟು, ತೆರಿಗೆ, ಮಕ್ಕಳ ಪಾಲನೆ, ಎಲ್ಲ ಆಯಿತು. ಈಗ ಯಾರಾದರೂ ಕೇಳಿದರೆ ಕಂಪನಿ ವಿಲೀನ ಮಾಡಿಸುವುದು ಹೇಗೆಂದು ನಾನು ಹೇಳಬಲ್ಲೆ, ಯಾರೂ ಕೇಳುವುದಿಲ್ಲ.

ಕೊನೆಯ ಕ್ಲಾಸು ಹಡಗು ವಿಮೆ. ಅದು ಮುಗಿದರೆ ಇಪ್ಪತ್ತನಾಲ್ಕು ಗಂಟೆ ಪೂರ್ತಿ. ಅಮಾನತಿನ ವರ್ಷ ಮುಗಿಯಲು ಹನ್ನೊಂದು ದಿನ, ಬೀಗದವರ ಅಪೀಲಿನ ವಿಚಾರಣೆಗೆ ಮೂರು ವಾರ. ಅವತ್ತು ಹೆಬ್ಬೆಟ್ಟಿನ ಯಂತ್ರ ಕೆಟ್ಟಿತ್ತು. ಮತ್ತೆ ಹಳೆ ಪುಸ್ತಕ ಮೇಜಿನ ಮೇಲೆ ಬಂದಿತ್ತು. ಅದನ್ನು ನೋಡಿದ್ದೇ ತಡ, ವಕೀಲರ ಮುಖದಲ್ಲಿ ಎಂಥ ಕಳೆ! ಸಾಲಾಗಿ ನಿಂತು ಬಂದ ಸಹಿ, ಹೋದ ಸಹಿ ಎರಡೂ ಹಾಕಿ, ಹಿಂದಿನ ಮೆಟ್ಟಿಲ ಕಡೆಗೆ ಹೊರಟರು. ಗುಮಾಸ್ತರು ಅಭ್ಯಾಸದಂತೆ ಕಿಟಕಿಯ ಕಡೆ ನೋಡಿದರು. ಅಕ್ಕ ಒಂದೇ ಸಹಿ ಹಾಕಿ ಮುಂದಿನ ಸಾಲಿನಲ್ಲಿ ಹೋಗಿ ಕೂತಳು.

ಮೂರು ಗಂಟೆಯ ಹೊತ್ತಿಗೆ ಅವಳ ತಲೆ ಮುಂದಕ್ಕೆ ವಾಲಿತು. ಹಿಂದಿನಿಂದ ನೋಡುತ್ತಲೇ ಇದ್ದೆ. ಹಿಂದಿನ ದಿನವಿಡೀ ಭಾವನ ಆಸ್ಪತ್ರೆ ತಪಾಸಣೆಗೆ ಓಡಾಡಿದ್ದಳು. ಹಾಲಿನಲ್ಲಿ ಏಳು ಜನ. ಉಪನ್ಯಾಸಕರು ಪರದೆ ಬಿಟ್ಟು ಈ ಕಡೆ ತಿರುಗಲಿಲ್ಲ. ಎದ್ದು ಹೋಗಿ ಎಬ್ಬಿಸೋಣ ಎನ್ನಿಸಿತು, ಎಬ್ಬಿಸಲಿಲ್ಲ. ಅವಳ ಪಾಲಿನದ್ದನ್ನೂ ಸೇರಿಸಿ ಬಿಡದೆ ಬರೆದುಕೊಂಡೆ.

ಐದಕ್ಕೆ ಪುಸ್ತಕದ ಬಳಿ ಹೋದೆವು. ಹೋದ ಸಹಿಯ ಪಕ್ಕ, ಎಷ್ಟು ಗಂಟೆ ಹಾಜರಿ ಎಂದು ಬರೆಯುವ ಕಾಲಂ ಇದೆ. ಅಕ್ಕ ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು.

"ಎಷ್ಟು ಹೊತ್ತು ಮಲಗಿದ್ದೆ?"

"ಹತ್ತು ನಿಮಿಷ."

"ನಿಜ ಹೇಳು."

ಅವಳ ಕಣ್ಣು ನೋಡಿ ಸುಳ್ಳು ನಾಲಿಗೆಗೆ ಬರಲಿಲ್ಲ. "ಮುಕ್ಕಾಲು ಗಂಟೆ. ಒಂದು ಗಂಟೇನೇ ಇರಬಹುದು," ಎಂದೆ.

ಮೂರು ಎಂದು ಬರೆಯಬೇಕಾದಲ್ಲಿ ಎರಡು ಎಂದು ಬರೆದು ಸಹಿ ಹಾಕಿದಳು. ಗುಮಾಸ್ತರು ಪುಸ್ತಕ ತಿರುಗಿಸಿ ನೋಡಿ, ತಲೆ ಕೆರೆದುಕೊಂಡು, ಒಂದು ಗಂಟೆ ಕಡಿಮೆ ಬೀಳುತ್ತದೆ, ಮುಂದಿನ ಶನಿವಾರ ಮತ್ತೆ ಬರಬೇಕಾಗುತ್ತದೆ ಎಂದರು. ಅಕ್ಕ ಬರುತ್ತೇನೆ ಎಂದಳು. ಏನು ವಿಷಯ ಎಂದು ನಾನು ಕೇಳಿದೆ. ವೃತ್ತಿ ನೀತಿ ಎಂದರು.

ಮುಂದಿನ ಮೆಟ್ಟಿಲಿನಿಂದಲೇ ಇಳಿದೆವು. ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ನಿಧಾನ ಇಳಿಯುತ್ತಿದ್ದಳು. ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಇವಳು ನನ್ನ ಅಕ್ಕನಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ಚೀಲ ಅವಳ ಕೈಯಿಂದ ಕಿತ್ತುಕೊಂಡೆ.

"ಮುಂದಿನ ಶನಿವಾರ ಬೆಂಚು ಒರೆಸಿಡ್ಲಾ?" ಎಂದೆ.

ಅಕ್ಕ ಮೆಟ್ಟಿಲ ಮೇಲೇ ನಿಂತಳು. ಒಂದು ವರ್ಷದಲ್ಲಿ ಮೊದಲ ಸಲ ನಕ್ಕಳು.

"ಒರೆಸಿಡು. ಐದು ಗಂಟೆ ಮೇಲೆ ಬರ್ತೀನಿ."